ಜಾರಲು ಬಾರದವನು

"ಒಂದ್ಸಲ ಸೀಟಲ್ಲಿ ಕೂತ್ಕೊಳ್ಳಿ."

ಅವಳು ಅವನಿಗೆ ಹೇಳಿದ ಮೊದಲ ಮಾತು ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಮೂತಿ ಜಜ್ಜಿಹೋದ ಕೆಂಪು ಕಾರಿನ ಬಾಗಿಲು ತೆರೆದು ಹಿಡಿದು ಕಾಯುತ್ತ ನಿಂತಳು.

ಅವಳು ವಿಮಾ ಕಂಪನಿಯ ಸರ್ವೇಯರ್. ಅಪಘಾತವಾದ ಕಾರನ್ನು ನೋಡಿ ಏನಾಯಿತು, ಹೇಗಾಯಿತು, ಯಾರಿಂದಾಯಿತು ಎಂದು ಬರೆಯುವುದು ಅವಳ ಕೆಲಸ. ಆಫೀಸಿನಲ್ಲಿ ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಅವನು ವೇಗದ ಕಾರು ಕೊಂಡವರಿಗೆ ಅದನ್ನು ಓಡಿಸಲು ಕಲಿಸುವ ತರಬೇತಿ ಕೇಂದ್ರದ ಹಿರಿಯ ಶಿಕ್ಷಕ. ಅಲ್ಲಿ ಎಲ್ಲರಿಗೂ ಅವನು ಮೇಷ್ಟ್ರು. ಸೋಮವಾರ ಬೆಳಿಗ್ಗೆ ಕೇಂದ್ರದ ಈ ಆರುನೂರು ಅಶ್ವಶಕ್ತಿಯ ಕಾರನ್ನು ತಿರುವಿನಲ್ಲಿ ಹತೋಟಿ ತಪ್ಪಿಸಿ ಗೋಡೆಗೆ ಗುದ್ದಿದ್ದು ತಾನೇ ಎಂದು ಅವನು ಬರೆದುಕೊಟ್ಟಿದ್ದ.

ಅವನು ಸೀಟಿನಲ್ಲಿ ಕೂರಲು ನೋಡಿದ. ಆರು ಅಡಿಯ ಮನುಷ್ಯ. ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು, ತಲೆ ಬಗ್ಗಿಸಬೇಕಾಯಿತು. ಸೀಟು ಆದಷ್ಟೂ ಮುಂದಕ್ಕಿತ್ತು, ಆದಷ್ಟೂ ಮೇಲಕ್ಕಿತ್ತು.

"ಗುದ್ದಿದ ರಭಸಕ್ಕೆ ಮುಂದೆ ಬಂದಿರ್ಬೇಕು," ಅಂದ.

ಸೀಟಿನ ಹಳಿಯ ಮೇಲೆ ಒಂದು ಗೀರೂ ಇರಲಿಲ್ಲ. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಆದರೂ ಮುಖ ತಿರುಗಿಸಲಿಲ್ಲ, ಶಾಂತವಾಗಿ ಅವಳನ್ನೇ ನೋಡುತ್ತ ಕುಳಿತ.

ಸುಳ್ಳು ಹೇಳುವವರು ಸಾಮಾನ್ಯವಾಗಿ ಬೆವರುತ್ತಾರೆ, ಇಲ್ಲವೇ ರೇಗುತ್ತಾರೆ. ಈತ ಎರಡನ್ನೂ ಮಾಡುತ್ತಿಲ್ಲವಲ್ಲ... ಅವಳಿಗೆ ಯಾಕೋ ಬರೆಯುತ್ತಿದ್ದ ವಾಕ್ಯ ಮರೆತುಹೋಯಿತು. ಹತ್ತು ವರ್ಷದ ಕೆಲಸದಲ್ಲಿ ಹಾಗಾಗಿದ್ದು ಅದೇ ಮೊದಲು.

ಕೇಂದ್ರದ ಮ್ಯಾನೇಜರ್ ತಮ್ಮ ಕೋಣೆಯಲ್ಲಿ ವಿಷಯ ವಿವರಿಸಿದರು. ಒಣ ನೆಲದಲ್ಲಿ, ಖಾಲಿ ದಾರಿಯಲ್ಲಿ ಕಾರು ಜಾರಿಸಿದ ಶಿಕ್ಷಕನನ್ನು ಯಾರು ನಂಬುತ್ತಾರೆ? ಶುಕ್ರವಾರ ಸಮಿತಿ ಸೇರುತ್ತದೆ, ಸರ್ವೇಯರ್ ವರದಿ ಮೇಷ್ಟ್ರ ಹೇಳಿಕೆಗೆ ಹೊಂದಿದರೆ ಕಲಿಸುವ ಪರವಾನಗಿ ರದ್ದು. ಮತ್ತೆ ಸಿಗುವುದಿಲ್ಲ. ಕೇಂದ್ರದಲ್ಲಿ ಇನ್ನೊಂದು ನಿಯಮವಿತ್ತು. ಒಂದು ದಿನದ ತರಬೇತಿ ಮುಗಿಸದ ಯಾರನ್ನೂ ಈ ಕಾರುಗಳ ಸ್ಟೀರಿಂಗ್ ಮುಂದೆ ಕೂರಿಸುವ ಹಾಗಿಲ್ಲ. ಕೂರಿಸಿದ ಶಿಕ್ಷಕನಿಗೆ ಮೂರು ತಿಂಗಳ ಅಮಾನತು.

ಹಾಗಾದರೆ, ಆ ಸೀಟಿನಲ್ಲಿ ಕೂತಿದ್ದವರು ಬೇರೆ ಯಾರೋ ಕುಳ್ಳಗಿನವರು ಎಂಬ ಸತ್ಯ ಹೇಳಿದರೆ ಮೂರು ತಿಂಗಳು, ಸುಳ್ಳು ಹೇಳಿದರೆ ಜೀವನಪೂರ್ತಿ. ಈ ಮನುಷ್ಯ ಸುಳ್ಳನ್ನೇ ಆರಿಸಿಕೊಂಡಿದ್ದಾನೆ!

ಬುಧವಾರ ಅವಳು ತರಬೇತಿ ಮೈದಾನಕ್ಕೆ ಹೋದಳು. ನಡುವೆ ನೀರು ಹಾಯಿಸಿದ ಅಗಲವಾದ ಜಾಗವಿತ್ತು. ಅಲ್ಲಿ ಕಾರು ಜಾರಿದರೂ ಗುದ್ದಲು ಏನೂ ಇಲ್ಲ. ಅಂಥದ್ದೇ ಇನ್ನೊಂದು ಕಾರು ತರಿಸಿ, ಸೋಮವಾರ ಆದದ್ದನ್ನು ಕಡಿಮೆ ವೇಗದಲ್ಲಿ ಮಾಡಿ ತೋರಿಸಬೇಕು ಎಂದು ಮೇಷ್ಟ್ರನ್ನು ಕೇಳಿದಳು. ತಾನು ಪಕ್ಕದಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡಳು.

ಜಖಂ ಆದ ಕಾರಿನ ಕಂಪ್ಯೂಟರ್ ಏನು ಹೇಳಿತ್ತೆಂದು ಅವಳೇ ತಿಳಿಸಿದಳು. ತಿರುವು ಮುಗಿಯುವ ಮುನ್ನವೇ ಆಕ್ಸಿಲರೇಟರ್ ಜೋರಾಗಿ ಒತ್ತಲಾಗಿದೆ, ಹಿಂದಿನ ಚಕ್ರಗಳು ಜಾರಿವೆ. ಆಮೇಲೆ ಕಾಲನ್ನು ಒಮ್ಮೆಲೇ ಪೂರ್ತಿ ತೆಗೆಯಲಾಗಿದೆ. ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂಭಾಗ ಹಗುರಾಗಿ ಕಾರು ಬುಗುರಿಯಂತೆ ತಿರುಗಿದೆ. ಜಾರದಂತೆ ತಡೆಯುವ ವ್ಯವಸ್ಥೆ ಹಿಂದಿನ ದಿನದ ಪಾಠಕ್ಕಾಗಿ ಆಫ್ ಮಾಡಿದ್ದು ಹಾಗೇ ಉಳಿದಿತ್ತು.

"ಅಷ್ಟೇ ಮಾಡಿ ತೋರಿಸಿ," ಅಂದಳು.

ಅವನು ತಿರುವಿಗೆ ಬಂದ, ಒತ್ತಿದ. ಕಾರಿನ ಹಿಂಭಾಗ ಪಕ್ಕಕ್ಕೆ ಸರಿಯಿತು. ಅಷ್ಟರಲ್ಲಿ ಅವನ ಕೈ ಸ್ಟೀರಿಂಗನ್ನು ಜಾರುವ ಕಡೆಗೆ ಒಂದಿಷ್ಟು ತಿರುಗಿಸಿತ್ತು. ಕಾಲು ಆಕ್ಸಿಲರೇಟರ್ ಮೇಲೆ ಮೆತ್ತಗೆ ಉಳಿದಿತ್ತು. ಕಾರು ನೆಟ್ಟಗಾಗಿ ಮುಂದೆ ಹೋಯಿತು.

"ಕಾಲು ತೆಗೀಲಿಲ್ಲ ನೀವು."

"ಇನ್ನೊಂದ್ಸಲ ಮಾಡ್ತೀನಿ."

ಎರಡನೆಯ ಸಲ ಕಾಲು ತೆಗೆದ, ಆದರೆ ಎಳೆಮಗುವನ್ನು ಮಲಗಿಸಿ ಕೈ ತೆಗೆಯುವವರ ಹಾಗೆ ನಿಧಾನವಾಗಿ. ಕಾರು ಸ್ವಲ್ಪ ಕೊಸರಾಡಿ ಸುಮ್ಮನಾಯಿತು. ಮೂರನೆಯ ಸಲ ಹಲ್ಲುಕಚ್ಚಿ ಪೂರ್ತಿ ತೆಗೆದೇಬಿಟ್ಟ. ಹಿಂಭಾಗ ರಪ್ಪನೆ ಬೀಸಿತು. ಅವನ ಕೈಗಳು ಅವನನ್ನು ಕೇಳದೆ ತಾವಾಗಿಯೇ ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿ ಕಾರನ್ನು ಹಿಡಿದು ನಿಲ್ಲಿಸಿದವು.

ಅವನು ತನ್ನ ಕೈಗಳನ್ನೇ ನೋಡುತ್ತಿದ್ದ, ಮನೆಯವರೇ ಸಾಕ್ಷಿ ಹೇಳಿ ಸಿಕ್ಕಿಹಾಕಿಸಿದಂತೆ.

ಸಾವಿರಾರು ಸಲ ಮಾಡಿ ಮೈಗೂಡಿದ್ದನ್ನು ಬೇಕೆಂದರೂ ಮರೆಯಲಾಗುವುದಿಲ್ಲ. ತಪ್ಪು ಮಾಡಿ ತೋರಿಸಲು ಬಂದವನಿಗೆ ತಪ್ಪು ಮಾಡಲಿಕ್ಕೇ ಬರುತ್ತಿಲ್ಲ. ಅವಳಿಗೆ ನಗು ಬರಬೇಕಿತ್ತು. ಬಂದದ್ದು ಬೇರೆ. ಇಂಥ ಕೈಗಳನ್ನು ನಂಬಿ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನಿಸಿತು, ಅನ್ನಿಸಿದ್ದಕ್ಕೆ ಗಾಬರಿಯೂ ಆಯಿತು.

"ಯಾರನ್ನ ಕಾಪಾಡ್ತಿದ್ದೀರಿ?"

ಅವನು ಎಂಜಿನ್ ಆರಿಸಿದ.

"ನಂಗೆ ಬೇಕಾದವ್ರನ್ನ."

ಕುಳ್ಳಗಿನ, ಅವನಿಗೆ ಬೇಕಾದ ಒಬ್ಬಳು. ಲೆಕ್ಕ ಸರಿಹೋಯಿತು. ಬೆಳ್ಳಂಬೆಳಿಗ್ಗೆ ಪ್ರೇಯಸಿಯನ್ನು ಕರೆತಂದು ಮೆರೆಸಲು ಹೋಗಿದ್ದಾನೆ... ಆಕೆ ಗುದ್ದಿದ್ದಾಳೆ, ಇವನು ಹೆಗಲು ಕೊಟ್ಟಿದ್ದಾನೆ. ಸರ್ವೇಯರ್ ಪುಸ್ತಕ ಮುಚ್ಚಿ ಕಾರಿನಿಂದ ಇಳಿದಳು.

ಆ ರಾತ್ರಿ ಊಟ ಸೇರಲಿಲ್ಲ. ಎರಡು ಸಲ ನೋಡಿದವನ ಮೇಲೆ ಇಷ್ಟೊಂದು ಕೋಪ ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು, ಅದಕ್ಕೇ ಮತ್ತೆ ಕೇಳಿಕೊಳ್ಳಲಿಲ್ಲ. 'ಅವನ ಹೇಳಿಕೆಯನ್ನೇ ಒಪ್ಪಿ ಬರೆದುಬಿಡಲಾ? ಅವನಿಗೆ ಬೇಕಾಗಿದ್ದೂ ಅದೇ ತಾನೇ. ಆ ಯಾವಳಿಗೋಸ್ಕರ ಕೆಲಸ ಕಳ್ಕೊಳ್ಳಲಿ!' ಸುಲಭವಿತ್ತು. ಅವಳ ಒಂದು ಸಹಿಯಲ್ಲಿ ಮುಗಿಯುತ್ತಿತ್ತು.

ಗುರುವಾರ ಮಧ್ಯಾಹ್ನ ಗೊತ್ತಾಯಿತು, ಅವನ ಹೇಳಿಕೆಯ ಎರಡನೆಯ ಹಾಳೆಗೆ ಸಹಿಯೇ ಬಿದ್ದಿಲ್ಲ. ವಿಳಾಸ ಹಿಡಿದು ಮನೆಗೇ ಹೋದಳು. ನೆಲಮಹಡಿಯಲ್ಲಿ ಒಂದು ಡ್ರೈವಿಂಗ್ ಸ್ಕೂಲ್. ಬಾಗಿಲ ಮುಂದೆ ಚಿಕ್ಕ ಬಿಳಿ ಕಾರು, ಅದರಲ್ಲಿ ಪಕ್ಕದ ಸೀಟಿನ ಕಾಲ ಬಳಿಯೂ ಒಂದು ಬ್ರೇಕ್. ಒಳಗೆ ಕುಳ್ಳಗಿನ ಹೆಂಗಸೊಬ್ಬರು ಕಪ್ಪುಹಲಗೆಯ ಮೇಲೆ ಕ್ಲಚ್ಚು, ಬ್ರೇಕು ಬರೆದದ್ದನ್ನು ಒರೆಸುತ್ತಿದ್ದರು. ವಯಸ್ಸು ಅರವತ್ತರ ಮೇಲೆ. ಮೇಲಿನ ಸಾಲಿಗೆ ಕೈ ಎತ್ತಿದಾಗ ನೋವಿನಿಂದ ತುಟಿ ಕಚ್ಚಿಕೊಂಡರು. ಕುತ್ತಿಗೆಯ ಬುಡದಿಂದ ಓರೆಯಾಗಿ ಕೆಳಗೆ ಒಂದು ನೀಲಿಗಟ್ಟಿದ ಪಟ್ಟಿ ಇಳಿದಿತ್ತು.

ಸೀಟ್ ಬೆಲ್ಟಿನ ಗುರುತು. ಅಂಥದ್ದನ್ನು ಅವಳು ಎಷ್ಟೋ ನೋಡಿದ್ದಳು.

"ಮಗ ಇಲ್ಲಮ್ಮ, ಹೊರಗೆ ಹೋಗಿದ್ದಾನೆ. ಕೂತ್ಕೊಳ್ಳಿ," ಎಂದು ಅವರು ಕುರ್ಚಿ ಎಳೆದರು. ವಿಮಾ ಕಂಪನಿಯವಳು ಎಂದು ತಿಳಿದಾಗ ಮುಖ ಬಾಡಿತು, ಆದರೆ ತಾವಾಗಿಯೇ ಮಾತು ತೆಗೆದರು. ಎಲ್ಲ ಇತ್ಯರ್ಥವಾಯಿತಂತೆ, ಕೇಂದ್ರದವರು ಏನೂ ಅನ್ನಲಿಲ್ಲವಂತೆ, ಮಗ ಹಾಗೆ ಹೇಳಿದ್ದಾನೆ. ದೊಡ್ಡ ಮನಸ್ಸಿನವರು...

ಅವಳು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಎದೆಯ ಮೇಲಿಂದ ದೊಡ್ಡ ಕಲ್ಲೊಂದು ಇಳಿದಿತ್ತು. ಪ್ರೇಯಸಿಯಲ್ಲ, ತಾಯಿ! ಮರುಕ್ಷಣ ಇನ್ನೊಂದು ಕಲ್ಲು ಬಂದು ಕೂತಿತು. ಈ ತಾಯಿಗೆ ಏನೂ ಗೊತ್ತಿಲ್ಲ. ಹೇಳಿದರೆ ಅವನು ಜನ್ಮದಲ್ಲಿ ತನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ನಾಳೆ ಅವನ ಕೆಲಸ ಹೋಗುತ್ತದೆ.

ಅವಳು ಹೇಳಿದಳು. ಮೂರು ತಿಂಗಳು, ಜೀವನಪೂರ್ತಿ, ಶುಕ್ರವಾರ ಹನ್ನೊಂದು ಗಂಟೆ... ಎಲ್ಲವನ್ನೂ, ಸುತ್ತಿ ಬಳಸದೆ.

ಅವರು ಡಸ್ಟರನ್ನು ಮೇಜಿನ ಮೇಲಿಟ್ಟು ಕುಳಿತರು.

"ನಾನೇ ಆಸೆಪಟ್ಟಿದ್ದು ಕಣಮ್ಮ. ಒಂದು ಸುತ್ತು ಹೊಡೀತೀನಿ ಅಂದೆ. ಎರಡು ಸಾವಿರ ಜನಕ್ಕೆ ಕಲಿಸಿದ ಅಮ್ಮನಿಗೆ ತರಬೇತಿ ಏನು ಅಂತ ಅವನೂ ಅಂದ್ಕೊಂಡ, ನಾನೂ ಅಂದ್ಕೊಂಡೆ." ಕಪ್ಪುಹಲಗೆಯ ಕಡೆ ನೋಡಿದರು. "ಭಯ ಆದ್ರೆ ಮೊದಲು ಕಾಲು ತೆಗೀರಿ. ನಲವತ್ತು ವರ್ಷದಿಂದ ನಾನು ಕಲಿಸೋ ಮೊದಲ ಪಾಠ ಅದು. ಚಿಕ್ಕ ಕಾರು ಹಾಗೆ ಮಾಡಿದ್ರೆ ನಿಲ್ಲುತ್ತೆ. ಅದು ನಿಲ್ಲಲಿಲ್ಲ. ನನ್ನ ಪಾಠನೇ ನಾನು ಮಾಡಿದೆ, ಅದೇ ತಪ್ಪಾಯ್ತು."

"ಸ್ಕೂಲಿಗೆ ಕೆಟ್ಟ ಹೆಸರು ಬರುತ್ತೆ ಅಂತ ಹೆದರಿದ್ದಾರೆ ಅನ್ಸುತ್ತೆ ಅವ್ರು."

"ಬರ್ಲಿ. ನನ್ನ ತಪ್ಪಿಗೆ ನನ್ನ ಹೆಸರೇ ಕೆಡಬೇಕು. ಅವನದ್ಯಾಕೆ?"

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಐದು ಜನ ಕುಳಿತಿದ್ದರು. ಅವಳ ವರದಿ ಎಲ್ಲರ ಮುಂದಿತ್ತು. ಕಾರು ಓಡಿಸುತ್ತಿದ್ದವರು ಮೇಷ್ಟ್ರಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ತಾಯಿಯ ಹೆಸರು ಎತ್ತಿರಲಿಲ್ಲ, ಅದನ್ನು ತಾವೇ ಹೇಳುವುದಾಗಿ ಅವರು ಕೇಳಿಕೊಂಡಿದ್ದರು. ಮೇಷ್ಟ್ರು ಎದ್ದು, ವರದಿ ತಪ್ಪು, ತಾನೇ ಓಡಿಸುತ್ತಿದ್ದೆ ಎಂದು ಮತ್ತೆ ಶುರುಮಾಡಿದ.

ಬಾಗಿಲು ತೆರೆಯಿತು.

"ಕೂತ್ಕೊಳೋ," ಅಂದರು ತಾಯಿ.

ಮೂವತ್ತೈದರ ಮಗ ಕುಳಿತ. ಸಮಿತಿಯವರಲ್ಲಿ ಇಬ್ಬರು ಆಕೆಯ ಹಳೆಯ ವಿದ್ಯಾರ್ಥಿಗಳು, ಅವರೂ ನೆಟ್ಟಗೆ ಕುಳಿತರು. ತಾಯಿ ನಿಂತುಕೊಂಡೇ ಆದದ್ದನ್ನೆಲ್ಲ ಹೇಳಿ ಮುಗಿಸಿದರು. ಈ ಕಾರು ಓಡಿಸುವುದು ಬೇರೆಯೇ ವಿದ್ಯೆ, ತನಗೆ ಅದು ಬಾರದು ಎಂದರು. ಕೊನೆಗೆ, ಮುಂದಿನ ವಾರದ ಒಂದು ದಿನದ ತರಬೇತಿಗೆ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟರು.

ಮೂರು ತಿಂಗಳ ಅಮಾನತು. ಪರವಾನಗಿ ಉಳಿಯಿತು. ಸಂಜೆಯ ಹೊತ್ತಿಗೆ ಸುದ್ದಿ ಹರಡಿ ಡ್ರೈವಿಂಗ್ ಸ್ಕೂಲಿನಿಂದ ನಾಲ್ಕು ಜನ ಹೆಸರು ತೆಗೆಸಿದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ತಾಯಿ ಅದಕ್ಕೆ ಸಿದ್ಧರಾಗಿಯೇ ಬಂದಿದ್ದರು.

ಅವಳು ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿದ್ದಾಗ ಹಿಂದಿನಿಂದ ಅವನ ಹೆಜ್ಜೆಯ ಸದ್ದು ಕೇಳಿಸಿತು. ಬೈಸಿಕೊಳ್ಳಲು ತಯಾರಾಗಿ ತಿರುಗಿದಳು.

"ಅಮ್ಮನಿಗೆ ನೀವು ಹೇಳ್ಬಾರ್ದಿತ್ತು."

"ಹೇಳ್ಲೇಬೇಕಿತ್ತು."

"ಹೌದು," ಅಂದ ಅವನು. "ಆ ಕೆಲಸ ನಾನು ಮಾಡ್ಬೇಕಿತ್ತು. ಒಳಗೆ ಅಮ್ಮ ಅಷ್ಟು ಜನರ ಮುಂದೆ ನಿಂತಿದ್ದು ನೋಡಿ... ನಂಗೆ ನಾಚಿಕೆ ಆಯ್ತು."

ಅವನ ಕಣ್ಣು ಕೆಂಪಾಗಿತ್ತು. ಅವಳು ಕೈಯಲ್ಲಿದ್ದ ಕಡತವನ್ನು ಕಾರಿನ ಮೇಲಿಟ್ಟಳು.

"ನಂದೂ ಒಂದು ತಪ್ಪಿದೆ. ಆ ಸೀಟಲ್ಲಿ ಕೂತಿದ್ದವ್ರ ಮೇಲೆ ನಂಗೆ ಹೊಟ್ಟೆ ಉರೀತಿತ್ತು. ನಿಮ್ಮ ಹುಡುಗಿ ಅಂದ್ಕೊಂಡಿದ್ದೆ. ಸಿಟ್ಟಲ್ಲಿ ನಿಮ್ಮ ಹೇಳಿಕೆಗೇ ಸಹಿ ಹಾಕಿ ನಿಮ್ಮ ಕೆಲಸ ಕಳೀಬೇಕು ಅಂತಲೂ ಯೋಚಿಸ್ದೆ."

"ನಮ್ಮಮ್ಮನ ಮೇಲಾ?"

ಅವನು ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆಮೇಲೆ ನಗು ನಿಂತಿತು, ಮಾತಿನ ಅರ್ಥ ಆಗ ತಲುಪಿತು.

"ಹೊಟ್ಟೆ ಉರಿ ಯಾಕೆ?" ಎಂದು ಮೆಲ್ಲಗೆ ಕೇಳಿದ.

"ಅದನ್ನೂ ಬರೆದುಕೊಡ್ಬೇಕಾ?"

"ಬೇಡ. ಹೇಳಿ ಸಾಕು."

"ನೀವಂದ್ರೆ ಇಷ್ಟ ನಂಗೆ. ನಿಮ್ಮ ಕಡತ ಇವತ್ತು ಮುಚ್ಚಿದೆ, ಅದಕ್ಕೆ ಹೇಳ್ತಿದ್ದೀನಿ. ನಿನ್ನೆ ಆಗಿದ್ರೆ ಹೇಳೋ ಹಾಗಿರ್ಲಿಲ್ಲ."

ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೇಬಿಗೆ ಹಾಕಿದ, ತೆಗೆದ.

"ನಂಗೂ," ಅಂದ. "ಸುಳ್ಳು ಹೇಳ್ತಾ ಇದ್ದೆ, ಆದ್ರೂ ನೀವು ಇನ್ನೊಂದು ಪ್ರಶ್ನೆ ಕೇಳ್ಲಿ, ಇನ್ನೊಂದು ದಿನ ಬರ್ಲಿ ಅನ್ನಿಸ್ತಿತ್ತು. ಈಗ ಮೂರು ತಿಂಗಳು ಕೆಲಸ ಇಲ್ಲದವನು ನಾನು."

"ಬಿಡುವಿದೆ ಅಂತಾಯ್ತು."

"ನಾಳೆ ಮನೆಗೆ ಬರ್ತೀರಾ?"

"ನಾಳೆ ಬರ್ತೀನಿ. ಇವತ್ತು ಬೇರೆಲ್ಲಾದ್ರೂ ಹೋಗೋಣ."

"ಸರಿ. ಯಾರು ಓಡಿಸೋದು?"

ಅವಳು ಕೀಲಿಯನ್ನು ಚೀಲಕ್ಕೆ ಹಾಕಿ, ಅವನ ಕೈ ಹಿಡಿದಳು.

"ಯಾರೂ ಬೇಡ. ನಡ್ಕೊಂಡು ಹೋಗೋಣ, ನಿಧಾನವಾಗಿ."