ಎಡಗಡೆಯ ಹೂವು

"ಆ ಕಲ್ಲನ್ನು ಅಲ್ಲೇ ಇಡಿ!"

ಗಂಜಾಮಿನಾಚೆ, ಕಾವೇರಿಯ ದಡದ ಪುಟ್ಟ ಅಮ್ಮನ ಗುಡಿಯ ಮೆಟ್ಟಿಲ ಮೇಲೆ ರಂಜಿತ ಬೆಚ್ಚಿ ನಿಂತಳು. ಅವಳ ಬಲಗೈಯಲ್ಲಿ ಮುಷ್ಟಿಗಾತ್ರದ ಒಂದು ಕಲ್ಲು. ಎದುರಿಗೆ ಒದ್ದೆ ಪಂಚೆಯ ತರುಣ. ಕೈಯಲ್ಲಿ ತುಂಬಿದ ಕೊಡ, ಕಣ್ಣಲ್ಲಿ ಸಿಟ್ಟು.

"ಯಾಕಿಡ್ಬೇಕು?"

"ಅದಕ್ಕೆ ಪೂಜೆ ಆಗಿದೆ. ಕುಂಕುಮ ಕಾಣಿಸ್ತಿಲ್ವಾ?"

"ಕಾಣ್ತದೆ. ಕಲ್ಲೂ ಕಾಣ್ತದೆ. ಇದು ನೈಸ್ ಅನ್ನೋ ಜಾತಿಯ ಶಿಲೆ ಕಣ್ರೀ... ಮುನ್ನೂರು ಕೋಟಿ ವರ್ಷದ್ದು. ನಿಮ್ಮ ಕುಂಕುಮ ನಿನ್ನೇದು!"

ನಗಬಾರದೆಂದು ಅವನು ತುಟಿ ಬಿಗಿದ. ಆದರೂ ನಗು ಸೋರಿಹೋಯಿತು.

"ಅಷ್ಟು ವರ್ಷ ಇಲ್ಲೇ ಇದ್ದದ್ದು ಇನ್ನೊಂದಿಷ್ಟು ದಿನ ಇರಲಿ ಬಿಡಿ. ನೋಡಬೇಕು ಅನ್ನಿಸಿದಾಗ ಬನ್ನಿ."

ಅವಳು ಕಲ್ಲನ್ನು ಇಟ್ಟಳು. ಆದರೆ ಮತ್ತೆ ಮತ್ತೆ ಬಂದಳು.

ಶೀಳನೆರೆಯ ಹೈನುಗಾರರ ಮನೆಯ ಮಗಳು ರಂಜಿತ. ಪಾಂಡವಪುರದ ಕಾಲೇಜೊಂದರಲ್ಲಿ ಭೂವಿಜ್ಞಾನ ಓದುತ್ತಿದ್ದಳು. ಅರ್ಚಕ ಶ್ರೀಕಂಠಯ್ಯನವರ ಮಗ ವಿನಯ್ ಶ್ರೀರಂಗಪಟ್ಟಣದ ಶಾಲೆಯಲ್ಲಿ ಮೇಷ್ಟ್ರು. ರಜೆಯ ದಿನಗಳಲ್ಲಿ ತಂದೆಯ ಬದಲು ಅಮ್ಮನಿಗೆ ಅವನೇ ಹೂ ಮುಡಿಸುತ್ತಿದ್ದ. ಒಂದು ವರ್ಷ ಅವರು ಆಡಿದ್ದೆಲ್ಲ ಕಲ್ಲುಗಳ ಮಾತು. ಆಡದೆ ಉಳಿದದ್ದು, ನೀರಿನಡಿಯ ಮೆಟ್ಟಿಲಿನಂತೆ ಇಬ್ಬರಿಗೂ ಕಾಣುತ್ತಿತ್ತು. ಕಾಲಿಡಲು ಮಾತ್ರ ಇಬ್ಬರಿಗೂ ಭಯ.

ಆಮೇಲೆ ಒಂದು ದಿನ ಕಾಲೇಜಿನಲ್ಲಿ ಸೂಚನೆ ಅಂಟಿಸಿದರು. ಭೂವಿಜ್ಞಾನಕ್ಕೆ ಉಳಿದವರು ಮೂವರೇ. ಮುಂದಿನ ವರ್ಷದಿಂದ ಆ ವಿಷಯ ಇರುವುದಿಲ್ಲ. ಬೇರೆ ವಿಷಯ ಹಿಡಿಯಬೇಕು, ಇಲ್ಲವೇ ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಕೇಳಬೇಕು.

ಅರ್ಜಿಗೆ ಶುಕ್ರವಾರ ಕೊನೆಯ ದಿನ.

ಮೈಸೂರೋ? ಮನೆಯಿಂದಲೇ ಓಡಾಡಬಹುದು; ರಜೆಗೆ ಗುಡಿಯ ಮೆಟ್ಟಿಲೂ ತಪ್ಪುವುದಿಲ್ಲ. ಧಾರವಾಡವೋ? ಅಲ್ಲಿ ವರ್ಷಕ್ಕೆರಡು ಸಲ ಬೆಟ್ಟಗುಡ್ಡಗಳಲ್ಲೇ ಬಿಡಾರ ಹೂಡಿ ಕಲಿಸುತ್ತಾರಂತೆ! ಅರ್ಜಿಯ ಒಂದು ಅಂಕಣ ಖಾಲಿಯೇ ಉಳಿಯಿತು. ಒಮ್ಮೆ ಮಾತ್ರ ಅವಳ ಪೆನ್ನು ತಾನಾಗಿ 'ಮೈ' ಎಂದು ಬರೆಯಲು ಹೊರಟಿತ್ತು. ಯಾರಿಗಾಗಿ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಧಾರವಾಡದ ಹೆಸರನ್ನು ಮಾತ್ರ.

"ಅಮ್ಮನ ಹೂ ಕೇಳಾನ," ಎಂದಳು ಅಜ್ಜಿ ದ್ಯಾವಮ್ಮ. ಅವಳ ಮಾತೇ ಆ ಮನೆಯ ಕೊನೆಯ ಮಾತು. "ಬಲಗಡೆ ಕೊಟ್ರೆ ಧಾರವಾಡ. ಎಡಗಡೆ ಕೊಟ್ರೆ ಎಲ್ಲೂ ಬ್ಯಾಡ, ಇಲ್ಲೇ ಏನಾರ ಓದ್ಕೋ."

ಆ ಭಾನುವಾರ ವಿನಯ್ ಅಮ್ಮನ ಎರಡು ಭುಜಗಳಿಗೂ ಒಂದೊಂದು ಸೇವಂತಿಗೆ ಅಂಟಿಸಿದ. ದ್ಯಾವಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ರಂಜಿತ ಮುಚ್ಚಲಿಲ್ಲ.

ಕ್ಷಣಾರ್ಧದಲ್ಲಿ ಬಲಗಡೆಯ ಹೂವು ಜಾರಿ ಬಿತ್ತು.

"ಕೊಟ್ಬುಟ್ಲು ಕಣವ್ವ ತಾಯಿ!" ಅಜ್ಜಿಯ ಕಣ್ಣು ತುಂಬಿತು. "ಓಗು ಮಗ, ಧಾರವಾಡಕ್ಕೇ ಓಗು!"

ರಂಜಿತಳ ನೋಟ ಎಡಗಡೆಯ ಹೂವಿನ ಮೇಲಿತ್ತು. ಮಂಗಳಾರತಿಯಾಯಿತು, ತೀರ್ಥ ಕೊಟ್ಟದ್ದಾಯಿತು, ಮಧ್ಯಾಹ್ನವೂ ಆಯಿತು. ಅದು ಬೀಳಲಿಲ್ಲ! ಇಣುಕಿ ನೋಡಿದಳು. ಅದರ ಕೆಳಗೆ ಗಟ್ಟಿಯಾಗಿ ಒಣಗಿದ ಗಂಧ. ಬಲಗಡೆ ಬರೀ ನೀರಿನ ತೇವ.

ಅಷ್ಟರಲ್ಲಿ ವಿನಯನ ತಾಯಿ ಕೌಸಲ್ಯ ಪ್ರಸಾದ ಕೊಡುತ್ತ ಅಜ್ಜಿಗೆ ಹೇಳುತ್ತಿದ್ದರು: "ಸಾಯಂಕಾಲ ನಾಗಮಂಗಲದಿಂದ ಹೆಣ್ಣಿನ ಕಡೆಯವರು ಬರ್ತಿದಾರೆ, ನಮ್ಮ ವಿನಯನ್ನ ನೋಡೋದಕ್ಕೆ."

ಓ... ಹಾಗೋ!

ನದಿಯ ಮೆಟ್ಟಿಲ ಬಳಿ ಅವಳು ಅವನನ್ನು ಅಡ್ಡಗಟ್ಟಿದಳು.

"ಎಡಗಡೆ ಹೂವಿಗೆ ಗಂಧ ಹಾಕ್ದೋರು ಯಾರು?"

ವಿನಯ್ ತಲೆ ತಗ್ಗಿಸಿದ. "ನಾನೇ."

"ಯಾಕೆ?"

"ನೀವು... ನನಗೋಸ್ಕರ ಮೈಸೂರು ಅಂತ ಬರೆದುಬಿಡ್ತೀರೇನೋ ಅಂತ ಹೆದರಿದೆ. ಎಡಗಡೆ ಬಿದ್ದರೆ ಕಲ್ಲಿನ ಓದೇ ನಿಂತುಹೋಗುತ್ತೇನೋ ಅಂತ ಇನ್ನೂ ಹೆದರಿದೆ. ನಿಮ್ಮ ಒಳ್ಳೇದಕ್ಕೇ, ರಂಜಿತ..."

"ನನ್ನ ಒಳ್ಳೇದು!" ಅವಳ ದನಿ ಒಡೆಯಿತು, ಬಾಗಲಿಲ್ಲ. "ಮೈಸೂರು ಅಂತ ಬರ್ದಿದ್ರೆ ಅದು ನನ್ನ ತಪ್ಪಾಗ್ತಿತ್ತು. ಆ ತಪ್ಪನ್ನೂ ನನ್ನಿಂದ ಕಿತ್ಕೊಂಡ್ರಲ್ಲ ನೀವು! ಎಲ್ರೂ ನನ್ ಪರವಾಗಿ ಕೇಳೋರೇ. ಅಜ್ಜಿ ಅಮ್ಮನ್ನ ಕೇಳ್ತಾಳೆ, ಅಮ್ಮನ ಪರವಾಗಿ ನೀವು ಉತ್ತರ ಕೊಡ್ತೀರ. ನನ್ನ ಯಾರಾದ್ರೂ ಕೇಳುದ್ರಾ?"

"ರಂಜಿತ, ಸ್ವಲ್ಪ ಕೇಳಿ..."

"ನಾಗಮಂಗಲದೋರು ಬರೋ ಹೊತ್ತಾಯ್ತು. ಮುಖ ತೊಳ್ಕೊಳ್ಳಿ, ಹೋಗಿ!"

ಅವಳು ಹಿಂತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಗಾಳಿಗೆ ಕಣ್ಣು ಒಣಗುವವರೆಗೂ ಕುಳಿತಿದ್ದಳು.

ಈಗ ಸುಮ್ಮನಿದ್ದರೆ ಸಾಕಿತ್ತು. ಮನೆಯವರ ಒಪ್ಪಿಗೆಯಿತ್ತು, ದಾರಿ ತೆರೆದಿತ್ತು. ಆದರೆ ಆ ಒಪ್ಪಿಗೆ ನಿಂತದ್ದು ಒಣಗಿದ ಗಂಧದ ಮೇಲೆ. ಮರುದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವಳೇ ಅಜ್ಜಿಯ ಮುಂದೆ ಎಲ್ಲ ಹೇಳಿಬಿಟ್ಟಳು.

"ಅಮ್ಮನ್ಗೇ ಮೋಸ ಮಾಡುದ್ನಾ ಆ ಅಯ್ನೋರ ಮಗ!" ದ್ಯಾವಮ್ಮನ ಮುಖ ಕಪ್ಪಿಟ್ಟಿತು. ಆಮೇಲೆ ಮೊಮ್ಮಗಳನ್ನು ದಿಟ್ಟಿಸಿದಳು. "ನೀನ್ಯಾಕೆ ಬಾಯ್ಬುಟ್ಟೆ? ಸುಮ್ಕಿದ್ದಿದ್ರೆ ಓಗ್ಬೋದಾಗಿತ್ತಲ್ಲೇ!"

"ಕದ್ದ ಅಪ್ಪಣೆ ನಂಗ್ಬ್ಯಾಡ."

"ಅಂಗಾರೆ ನಡಿ, ದೊಡ್ಡಯ್ನೋರ ಕೈಲೇ ಇನ್ನೊಂದ್ಸಲ ಕೇಳ್ಸಾನ."

"ಕೇಳಾಕಿಲ್ಲ ಅಜ್ಜಿ." ರಂಜಿತ ಹಾಲಿನ ಖಾಲಿ ಕ್ಯಾನನ್ನು ಕೆಳಗಿಟ್ಟಳು. "ಹೋದ ವರ್ಷ ನೀನು ಹಸ ತಂದ್ಯಲ್ಲ, ಯಾವ ಹೂ ಕೇಳಿ ತಂದೆ? ಕೆಚ್ಚಲು ನೋಡ್ದೆ, ಹಲ್ಲು ನೋಡ್ದೆ, ಹಗ್ಗ ಹಿಡ್ಕಂಡು ಬಂದೆ. ನನ್ ಓದು ನಿನ್ ಹಸಕ್ಕಿಂತ ಕಡೀಮೆನಾ?"

ಕೊಟ್ಟಿಗೆಯ ಕಡೆಯಿಂದ ಆ ಹಸುವೇ ಒಮ್ಮೆ ಕೂಗಿತು. ದ್ಯಾವಮ್ಮ ಅತ್ತ ತಿರುಗಿ ನೋಡಿದಳು.

"ಅಪ್ಪಣೆ ನಾ ಕೊಡಾಕಿಲ್ಲ," ಎಂದಳು ಕೊನೆಗೆ, ಎದ್ದು ನಿಂತು. "ತಡಿಯಾಕೂ ಇಲ್ಲ. ನೀನೇ ಕೆಚ್ಚಲು ನೋಡ್ಕಂಡು ತಗೋ. ಒದ್ರೆ ನೀನೇ ಒದಿಸ್ಕೋ!"

ರಂಜಿತ ಎರಡೂ ಕಡೆಗೆ ಫೋನ್ ಮಾಡಿದಳು. ಎರಡೂ ಕಡೆ ಸೀಟು ಇತ್ತು. ಮೈಸೂರಿನವರು ಸೌಜನ್ಯದಿಂದ ಬೇಕಾದ ಕಾಗದಪತ್ರಗಳನ್ನು ಹೇಳಿದರು. ಧಾರವಾಡದಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರು ಕಾಗದಪತ್ರ ಹೇಳಿದ ಮೇಲೂ ಫೋನ್ ಇಡಲಿಲ್ಲ.

"ಬರೂ ಮುಂದ ನಿಮ್ಮೂರ ಕಲ್ಲು ಒಂದು ತಗೊಂಡ ಬಾರವಾ. ಅದು ಹೆಂಗ ಹುಟ್ಟೇತಿ ಅಂತ ನೀನ ನಮಗ ಹೇಳಬೇಕು!"

ನೀನೇ ನಮಗೆ ಹೇಳಬೇಕು... ಆ ಮಾತು ಅವಳೊಳಗೆ ದೀಪದಂತೆ ಹತ್ತಿಕೊಂಡಿತು. ಖಾಲಿ ಅಂಕಣದಲ್ಲಿ ಅವಳು 'ಧಾರವಾಡ' ಎಂದು ಬರೆದಳು. ಹೂವು ಹೇಳಿತೆಂದಲ್ಲ, ಅವನು ಹೇಳಿದನೆಂದೂ ಅಲ್ಲ. ಅವನಿಗೆ ಎದುರಾಗಿ, ಹಟಕ್ಕಾಗಿ ಮೈಸೂರು ಎಂದು ಬರೆಯಬಹುದಿತ್ತು. ಆ ಹಟದಿಂದಲೂ ಅವಳು ಬಿಡಿಸಿಕೊಂಡಿದ್ದಳು.

ಹೊರಡುವ ದಿನ. ಕೆ.ಆರ್.ಪೇಟೆಯ ಬಸ್ ನಿಲ್ದಾಣದಲ್ಲಿ ಅರಸೀಕೆರೆಯ ಬಸ್ಸು ನಿಂತಿತ್ತು. ಅಲ್ಲಿಂದ ಮುಂದೆ ರೈಲು. ದ್ಯಾವಮ್ಮ ಬೆಂಚಿನ ಮೇಲೆ ಬೇರೆ ಕಡೆ ಮುಖ ತಿರುಗಿಸಿ ಕುಳಿತಿದ್ದಳು. ಆದರೂ ಬಂದಿದ್ದಳು.

ಏದುಸಿರು ಬಿಡುತ್ತ ವಿನಯ್ ಓಡಿಬಂದ. ಕೈಯಲ್ಲೊಂದು ಬಟ್ಟೆಯ ಗಂಟು.

"ಯಾಕ್ ಬಂದ್ರಿ?"

"ಹೇಳಿ ಹೋಗೋದಕ್ಕೆ. ಅಪ್ಪನ ಹತ್ತಿರ ಒಪ್ಪಿಕೊಂಡೆ. ಒಂದು ವರ್ಷ ಗರ್ಭಗುಡಿಯ ಹೊಸ್ತಿಲು ತುಳಿಯಬೇಡ ಅಂದರು. ಸರಿಯಾದ ಶಿಕ್ಷೆಯೇ."

"...ನಾಗಮಂಗಲ?"

"ಅವರು ಬರಲೇ ಇಲ್ಲ. ಹಿಂದಿನ ದಿನವೇ ನಾನೇ ಫೋನ್ ಮಾಡಿ ಬೇಡ ಅಂದಿದ್ದೆ. ಮನೆಯಲ್ಲಿ ಹೇಳೋ ಧೈರ್ಯ ಇರಲಿಲ್ಲ... ಈಗ ಹೇಳಿದೀನಿ. ಮನಸ್ಸಲ್ಲಿರೋದು ಯಾರು ಅನ್ನೋದನ್ನೂ ಹೇಳಿದೀನಿ."

ರಂಜಿತ ಬಸ್ಸಿನ ಮೆಟ್ಟಿಲಿಂದ ಕಾಲು ತೆಗೆದಳು.

"ಅಯ್ನೋರೇ," ದ್ಯಾವಮ್ಮ ಮುಖ ತಿರುಗಿಸದೆಯೇ ಗುಡುಗಿದಳು, "ಬಸ್ಸು ಒಂಟೋಯ್ತದೆ. ಅದೇನಿದ್ರೂ ಬಿರ್ರನೆ ಒದರ್ಬುಡಿ!"

ಅವನು ಗಂಟು ಬಿಚ್ಚಿದ. ಮುಷ್ಟಿಗಾತ್ರದ ಅದೇ ಕಲ್ಲು!

"ಅಪ್ಪನನ್ನ ಕೇಳಿಯೇ ತಂದೆ. ಮೂರು ದಿನ ತೊಳೆದೆ... ಕುಂಕುಮ ಪೂರ್ತಿ ಹೋಗಲಿಲ್ಲ." ಅವನ ದನಿ ತಗ್ಗಿತು. "ರಂಜಿತ, ಈ ಸಲ ಹೂವನ್ನ ಕೇಳೋದಿಲ್ಲ. ನಿಮ್ಮನ್ನೇ ಕೇಳ್ತಿದೀನಿ. ನಿಮ್ಮ ಓದು ಮುಗಿಯೋವರೆಗೂ... ಅದು ಎಷ್ಟು ವರ್ಷ ಆದರೂ... ನಾನು ಕಾಯಬಹುದಾ? ಬೇಡ ಅಂದರೂ ಕಲ್ಲು ನಿಮ್ಮದೇ."

ಕಂಡಕ್ಟರ್ ಸೀಟಿ ಊದಿದ. ರಂಜಿತ ಎಡಗೈಗೆ ಚೀಲ ಬದಲಾಯಿಸಿ, ಬಲಗೈ ಚಾಚಿದಳು.

ಕಲ್ಲಿನ ಜೊತೆ ಅವನ ಬೆರಳುಗಳೂ ಒಂದು ಕ್ಷಣ ಅವಳ ಅಂಗೈಯಲ್ಲಿದ್ದವು.

"ಬಲಗಡೆ..." ಅವನ ಕಣ್ಣು ತುಂಬಿ ಬಂತು. "ಅಪ್ಪಣೆ ಅಂದ್ಕೊಳ್ಳಲಾ?"

"ಅಪ್ಪಣೆ ಅಲ್ಲ ಕಣ್ರೀ. ಉತ್ತರ. ನನ್ದು!"

ಅವಳು ಹತ್ತಿ ಕುಳಿತಳು. ಬಸ್ಸು ಚಲಿಸಿತು. ಅವನು ಕಿಟಕಿಯ ಜೊತೆಜೊತೆಗೇ ನಾಲ್ಕು ಹೆಜ್ಜೆ ಓಡಿದ.

"ಅಲ್ಲಿ ಆ ಕೆಂಪು ಏನು ಅಂತ ಕೇಳಿದರೆ ಏನು ಹೇಳ್ತೀರಿ?"

ರಂಜಿತ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಮೊದಲ ಬಾರಿಗೆ ಅವನೆದುರು ಬಾಯ್ತುಂಬ ನಕ್ಕಳು.

"ಕಲ್ಲು ಮುನ್ನೂರು ಕೋಟಿ ವರ್ಷದ್ದು ಅಂತೀನಿ. ಕುಂಕುಮ ನಿನ್ನೇದು... ಅದೂ ನನ್ನದೇ ಅಂತೀನಿ!"