ಗೇಟ್ ಹಾಕಿದ ಮೇಲೆ

2011ರ ಮೇ ತಿಂಗಳ ಒಂದು ಮಧ್ಯಾಹ್ನ, ನೆರೂಳಿನ ನನ್ನ ಸ್ಟುಡಿಯೋದಲ್ಲಿ ಯತಿನ್ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡಿಸಿದ್ದ. ಮೈಕ್ ಇಟ್ಟಿರಲಿಲ್ಲ, ಗಿಟಾರಿನ ವೈರು ನೇರ ಕಂಪ್ಯೂಟರಿಗೆ ಹೋಗಿತ್ತು. ಕೋಣೆಯ ಸದ್ದು ಅದರೊಳಗೆ ಸೇರಲು ದಾರಿಯೇ ಇಲ್ಲ.

ಆಮೇಲೆ ಅದನ್ನು ಕೇಳಿಸುವಾಗ, ನಾದ ತುಂಬಿ ಬರಲೆಂದು ಕಂಪ್ರೆಸರ್ ಎಂಬ ಸಾಫ್ಟ್‌ವೇರ್ ಹಾಕಿದೆ. ಅದು ಅಡಗಿರುವ ಸಣ್ಣ ಸದ್ದನ್ನೂ ಮೇಲೆತ್ತುತ್ತದೆ. ಗಿಟಾರ್ ನಿಂತಲ್ಲೆಲ್ಲ ಯಾರೋ ಮೆಲ್ಲಗೆ ಕೆಮ್ಮಿದ್ದು ಕೇಳಿಸಿತು.

ಯತಿನ್ ಹೆಡ್‌ಫೋನ್ ತೆಗೆದಿಟ್ಟ. "ಪಕ್ಕಾ ಪಪ್ಪನ ಕೆಮ್ಮು, ಅಣ್ಣಾ. ನಾನು ಪ್ರಾಕ್ಟೀಸ್ ಮಾಡುವಾಗ ಬಾಗಿಲ ಹೊರಗೆ ನಿಂತು ಹೀಗೇ ಕೆಮ್ತಿದ್ರು. ಆಮೇಲೆ ಒಳಗೆ ಬರೋದು."

ಅವನ ತಂದೆ ದೇವದಾಸರು ತೀರಿಕೊಂಡು ವರ್ಷವಾಗಿತ್ತು. ನನಗೆ ಇಂಥ ಮಾತು ಕೇಳಿದರೆ ರೇಗುತ್ತದೆ.

"ವೈರಿನ ಗಲಾಟೆ ಮಾರಾಯ. ಗೇಟ್ ಹಾಕ್ತೇನೆ, ಹೋಗ್ತದೆ," ಎಂದೆ. ಸಣ್ಣ ಸದ್ದನ್ನು ತಡೆದು ಮೌನ ಮಾಡುವ ಸಾಫ್ಟ್‌ವೇರಿಗೆ ನಾವು ಗೇಟ್ ಎನ್ನುತ್ತೇವೆ.

"ಬೇಡ ಅಣ್ಣಾ. ಅವರು ಹೊರಗೇ ಉಳೀತಾರೆ."

ಹಾಕಿದೆ. ಸ್ಪೀಕರಿನಲ್ಲಿ ಕೆಮ್ಮು ಮಾಯವಾಯಿತು. ಗಿಟಾರ್ ನಿಂತಲ್ಲಿ ಅಪ್ಪಟ ಮೌನ. ಆ ಮೌನದಲ್ಲಿ, ನಮ್ಮ ಬೆನ್ನ ಹಿಂದಿನ ಬಾಗಿಲಿನಾಚೆ ಯಾರೋ ಮೆಲ್ಲಗೆ ಕೆಮ್ಮಿದರು.

ನಾನು ಗಡಬಡಿಸಿ ಗೇಟ್ ತೆಗೆದೆ. ಹೊರಗಿನ ಸದ್ದು ನಿಂತಿತು. ಆ ರೆಕಾರ್ಡಿಂಗ್ ಇನ್ನೂ ನನ್ನ ಬಳಿ ಇದೆ. ಗೇಟ್ ಇಲ್ಲದೆ ಎಷ್ಟು ಸಲ ಕೇಳಿದರೂ ಅದರಲ್ಲಿ ಕೆಮ್ಮು ಮತ್ತೆಂದೂ ಬರಲಿಲ್ಲ.