ಹನ್ನೊಂದು ಅಡಿ ಟೇಪು

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ವೈರಿಂಗ್ ಕೆಲಸದವನು ನಾನು. ಟೇಪಿನ ತುದಿ ಹಿಡಿಯಲು ಜೊತೆಗೆ ಬರುತ್ತಿದ್ದ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಕೆಲಸದಲ್ಲೂ ಒಬ್ಬನೇ.

ಅವತ್ತು ಮಧ್ಯಾಹ್ನ ಒಬ್ಬರ ಮನೆಯಲ್ಲಿ, ಟಿವಿಯಿಂದ ಸೋಫಾ ಹಿಂದಿನ ಸ್ಪೀಕರಿಗೆ ಗೋಡೆಯೊಳಗೇ ವೈರು ಎಳೆಯಲು ಅಳತೆ ತೆಗೆಯುತ್ತಿದ್ದೆ. “ಅಕ್ಕಾ, ಈ ತುದಿ ಹಿಡ್ಕೊಂಡು ಸೋಫಾ ತನಕ ಹೋಗಿ,” ಎಂದು, ಮನೆಯ ಅಕ್ಕ ಹಿಂದೆಯೇ ಇದ್ದಾರೆ ಅಂದುಕೊಂಡು, ತಿರುಗಿ ನೋಡದೆ ಟೇಪು ಹಿಂದಕ್ಕೆ ಚಾಚಿದೆ. ಅದು ಸರಸರ ಬಿಚ್ಚಿಕೊಂಡು ಹೋಗಿ ಹನ್ನೊಂದು ಅಡಿಗೆ ಬಿಗಿಯಾಯಿತು. ಹೆಜ್ಜೆ ಸದ್ದು ಕೇಳಲಿಲ್ಲ. ಕೈಯಲ್ಲಿದ್ದ ಟೇಪಿನ ಉಕ್ಕಿನ ಪಟ್ಟಿ ತಣ್ಣಗೆ ಕೊರೆಯುತ್ತಿತ್ತು.

“ಸಾಕು, ಬಿಡಿ.”

ತುದಿ ಬಿಟ್ಟಾಗ ಯಾವಾಗಲೂ ಆಗುವ ಹಾಗೆ ಟೇಪು ಫಟ್ಟನೆ ಬಂದು ಬಡಿಯಲಿಲ್ಲ. ನನ್ನ ಬೆರಳಿಗೆ ತಾಗದ ಹಾಗೆ ನಿಧಾನವಾಗಿ ವಾಪಸು ಬಂತು.

ಆಮೇಲೆ ಬಾಗಿಲ ಬೀಗ ತೆಗೆದ ಸದ್ದಾಯಿತು. ಮನೆಯ ಅಕ್ಕ ಚೀಲ ಹಿಡಿದು ಹೊರಗಿನಿಂದ ಬಂದರು. “ಅಂಗಡಿಯಲ್ಲಿ ತಡವಾಯ್ತು. ಒಬ್ಬರೇ ಇದ್ದು ಬೇಜಾರಾಯ್ತೇನಣ್ಣಾ?”

ಈಗ ಎಲ್ಲ ಖಾಲಿ ಕೋಣೆಯಲ್ಲೂ ತಿರುಗಿ ನೋಡದೆ ಟೇಪು ಹಿಂದಕ್ಕೆ ಚಾಚಿ, “ಹಿಡ್ಕೋ” ಅನ್ನುತ್ತೇನೆ. ಮತ್ತೆ ಯಾರೂ ಹಿಡಿದಿಲ್ಲ.